ಊಟಕ್ಕೆ ಕೂತವಳು

2020ರಲ್ಲಿ ಸ್ಯಾನ್ ಡಿಯಾಗೋದ ನಾಟಕಮಂದಿರಗಳೆಲ್ಲ ಬಾಗಿಲು ಹಾಕಿದಾಗ ನನಗೆ ಮಾಡಲು ಕೆಲಸವೇ ಇಲ್ಲದಂತಾಯಿತು. ಅದಕ್ಕೆ ಮೊದಲು ತುಂಬಾ ಕೆಲಸವಿತ್ತು ಅಂತಲ್ಲ. ಹೆಂಗಸರ ಕತೆಗಳನ್ನು ಹುಡುಕಿ ರಂಗಕ್ಕೆ ಅಳವಡಿಸುವುದು ನನ್ನ ಕಸುಬು. ವರ್ಷಕ್ಕೊಂದು ನಾಟಕ ಆದರೆ ಹೆಚ್ಚು. ಉಳಿದಂತೆ ಕಾಲೇಜೊಂದರಲ್ಲಿ ವಾರಕ್ಕೆರಡು ಕ್ಲಾಸ್ ತಗೊಳ್ಳುತ್ತಿದ್ದೆ. ಅದೂ ಈಗ ಜ಼ೂಮ್ ಮೇಲೆ. ಟೆಲಿಕಾಂ ಎಂಜಿನಿಯರ್ ಆದ ನನ್ನ ಗಂಡ ಬೆಡ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮೀಟಿಂಗ್ ಮಾಡುತ್ತಿದ್ದ. ನಾನು ಅಡುಗೆಮನೆಯ ಕೌಂಟರ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಪಾಠ ಮಾಡುತ್ತಿದ್ದೆ.

ಆಗ ಇಲ್ಲಿನ ಕೆಲವು ಕನ್ನಡದವರು ಸೇರಿ ಭಾನುವಾರ ಸಂಜೆ ಜ಼ೂಮ್‌ನಲ್ಲಿ ಕತೆ ಓದುವುದನ್ನು ಶುರು ಮಾಡಿದ್ದರು. ಹೆಚ್ಚಿನವರು ಕ್ಯಾಮೆರಾ ಆಫ್ ಮಾಡಿ ಅಡುಗೆಯನ್ನೋ ಬಟ್ಟೆ ಮಡಿಸುವುದನ್ನೋ ಮಾಡುತ್ತ ಕೇಳುತ್ತಿದ್ದರು. ಒಂದು ಭಾನುವಾರ ಬಿಳಿ ಕೂದಲಿನ, ದಪ್ಪ ಕನ್ನಡಕದ ಹೆಂಗಸೊಬ್ಬರು ಪರದೆಯ ಮೇಲೆ ಬಂದರು. ಮುಖದ ಅರ್ಧ ಭಾಗ ಮಾತ್ರ ಕಾಣುತ್ತಿತ್ತು. ಪಕ್ಕದಿಂದ ಯಾರೋ ಕೈ ಚಾಚಿ ಫೋನ್ ಸರಿಮಾಡಿದರು. ಅವರು ಧಾರವಾಡದ ಕಡೆಯ ಕನ್ನಡದಲ್ಲಿ ಸಣ್ಣ ಕತೆಯೊಂದನ್ನು ಓದಿದರು.

ದೊಡ್ಡ ಮನೆ. ಮಧ್ಯಾಹ್ನ ಮಾವ, ಗಂಡ, ಮೈದುನರು, ಮಕ್ಕಳು ಸಾಲಾಗಿ ಊಟಕ್ಕೆ ಕೂರುತ್ತಾರೆ. ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾಳೆ. ಹಂಚಿನಿಂದ ನೇರವಾಗಿ ತಾಟಿಗೆ ಬಿಸಿ ಬಿಸಿ ರೊಟ್ಟಿ ಹೋಗಬೇಕು. ಹಾಗಾಗಿ ಬಡಿಯುವವಳು ಎಂದೂ ಅವರ ಜೊತೆ ಕೂರುವಂತಿಲ್ಲ. ಒಂದು ದಿನ ಅವಳು ರೊಟ್ಟಿಯನ್ನೆಲ್ಲ ಮೊದಲೇ ಬಡಿದು ಬುಟ್ಟಿಯಲ್ಲಿ ಪೇರಿಸಿಡುತ್ತಾಳೆ, ಒಲೆ ಆರಿಸುತ್ತಾಳೆ, ಕೈ ತೊಳೆದು ತನಗೂ ಒಂದು ತಾಟು ಹಾಕಿಕೊಂಡು ಸಾಲಿನಲ್ಲಿ ಕೂರುತ್ತಾಳೆ. ಅಲ್ಲಿಗೆ ಕತೆ ಮುಗಿಯಿತು.

ನಾನು ಕ್ಯಾಮೆರಾ ಆನ್ ಮಾಡಿ ಕೇಳಿದೆ, "ಆಂಟಿ, ಇದನ್ನು ಬರೆದಿದ್ದು ಯಾರು?"

"ನಾನ ಬರದೀನಿ," ಅಂದರು. "ಭಾಳ ವರ್ಷ ಆತು. ಮತ್ತ ನಾ ನಿನ್ನ ಆಂಟಿ ಅಲ್ಲ. ನಮ್ಮ ಸಾಲ್ಯಾಗ ಎಲ್ಲಾರೂ ಅಕ್ಕೋರು ಅಂತಿದ್ರು, ನೀನೂ ಹಂಗ ಅನ್ನು."

ಹುಬ್ಬಳ್ಳಿಯಲ್ಲಿ ಶಾಲೆಯ ಟೀಚರಾಗಿದ್ದವರು. ಹರೆಯದಲ್ಲಿ ಪತ್ರಿಕೆಗಳಿಗೆ ಕೆಲವೇ ಕತೆ ಬರೆದು, ಆಮೇಲೆ ಮನೆ, ಮಕ್ಕಳು, ಶಾಲೆ ಅಂತ ಬರೆಯುವುದನ್ನೇ ಬಿಟ್ಟಿದ್ದರು. ಇಲ್ಲೇ ಹತ್ತಿರದ ಕಾರ್ಲ್ಸ್‌ಬಾಡ್‌ನ ಬಯೋಟೆಕ್ ಕಂಪನಿಯಲ್ಲಿರುವ ಮಗಳನ್ನು ನೋಡಲು ಬಂದವರು ವಿಮಾನ ನಿಂತು ಇಲ್ಲೇ ಉಳಿದಿದ್ದರು. ಆ ಕತೆಯನ್ನು ನಾಟಕ ಮಾಡಲೇ ಅಂತ ಕೇಳಿದೆ. "ಮಾಡವಾ. ಇಲ್ಲಿ ನನಗಾದ್ರೂ ಏನು ಕೆಲಸ ಐತಿ?" ಅಂದರು.

ಮೊದಲ ಡ್ರಾಫ್ಟನ್ನು ಉತ್ಸಾಹದಿಂದ ಬರೆದೆ. ಆವರೆಗಿನ ನನ್ನ ನಾಟಕಗಳಲ್ಲಿ ಹೆಂಗಸರು ಕೊನೆಗೆ ಹೊಸ್ತಿಲು ದಾಟಿ ಹೋಗುತ್ತಿದ್ದರು. ಇವಳನ್ನೂ ಹಾಗೇ ಕಳಿಸಿದೆ. ಕೂತವಳು ಎದ್ದು, ಸೆರಗು ಕೊಡವಿ, ಎಲ್ಲರನ್ನೂ ಒಮ್ಮೆ ನೋಡಿ ಹೊರಗೆ ನಡೆಯುತ್ತಾಳೆ. ಬಾಗಿಲ ಮೇಲೆ ಬೆಳಕು. ಅಕ್ಕೋರಿಗೆ ಫೋನಿನಲ್ಲಿ ಓದಿ ಹೇಳಿದೆ.

"ಆಕಿ ಎಲ್ಲಿ ಹೋದ್ಲು?" ಅಂದರು.

"ಹೊರಗೆ, ಅಕ್ಕೋರೆ."

"ಹೊರಗ ಅಂದ್ರ ಎಲ್ಲಿ? ಬಸ್ ಸ್ಟ್ಯಾಂಡಿಗೇನು?"

ನಾನು ಡ್ರಾಫ್ಟಿನ ಕೊನೆಯ ಪುಟವನ್ನು ಮತ್ತೆ ತಿರುವಿದೆ.

"ಹೋಗಲಿ, ಉಂಡಾಳೋ ಇಲ್ಲೋ?"

"ಇಲ್ಲ... ಊಟಕ್ಕೆ ಮೊದಲೇ ಎದ್ದುಬಿಡ್ತಾಳೆ."

"ಹಸದ ಹೊಟ್ಟೀಲೆ ಹೊರಗ ಹಾಕಿದೆಲ್ಲವಾ ನನ್ನ ಹುಡುಗೀನ!" ಎಂದು ನಿಜವಾಗಿ ನೊಂದುಕೊಂಡರು. "ಎದ್ದು ಹೋಗೂದು ಸಲೀಸು. ಅಷ್ಟೂ ಮಂದಿ ನಡುವ ಕುಂತು ಒಂದು ತುತ್ತು ನುಂಗೂದು ನೋಡು, ಗಂಟಲಾಗ ಇಳಿಯಂಗಿಲ್ಲ."

ನಾನು ವಾದ ಮಾಡಿದೆ. ಪ್ರೇಕ್ಷಕರಿಗೆ ಒಂದು ಬಿಡುಗಡೆ ಬೇಕು, ಕೂತರೆ ಅದು ರಾಜಿಯ ಹಾಗೆ ಕಾಣುತ್ತದೆ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, "ನೀ ಶಾಣ್ಯಾಕಿ ಇದ್ದಿ. ಆದ್ರ ಆಕಿನ್ನ ಎಬ್ಬಿಸಬ್ಯಾಡ," ಅಂದರು. ನಾಟಕ ಅಲ್ಲಿಗೇ ನಿಂತಿತು. ಮಾತು ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಅವರು, ಒಮ್ಮೆ ನಾನು ಫೋನ್ ಮಾಡುತ್ತಿದ್ದೆವು.

ಮರುವರ್ಷ ಮೈಸೂರಿನಲ್ಲಿ ನನ್ನ ಅಮ್ಮ ತೀರಿಕೊಂಡರು. ಕೋವಿಡ್‌ನ ಎರಡನೇ ಅಲೆಯ ಸಮಯ. ನನಗೆ ಹೋಗಲಾಗಲಿಲ್ಲ. ಅಣ್ಣ ಹಿಡಿದಿದ್ದ ಫೋನಿನಲ್ಲೇ ಎಲ್ಲವನ್ನೂ ನೋಡಿದೆ. ಸಿಗ್ನಲ್ ಹೋದಾಗಲೆಲ್ಲ ಚಿತ್ರ ನಿಂತುಬಿಡುತ್ತಿತ್ತು. ಆಮೇಲೆ ಬಹಳ ದಿನ ನನ್ನಿಂದ ಒಂದು ಸಾಲೂ ಬರೆಯಲಾಗಲಿಲ್ಲ. ಫೋನ್ ಕೂಡ ಎತ್ತುತ್ತಿರಲಿಲ್ಲ. ಗಂಡ ಟೀ ಮಾಡಿ ಪಕ್ಕದಲ್ಲಿಟ್ಟರೆ ಅದು ಅಲ್ಲೇ ತಣ್ಣಗಾಗುತ್ತಿತ್ತು.

ಒಂದು ಶನಿವಾರ ಬೆಲ್ ಆಯಿತು. ಬಾಗಿಲು ತೆಗೆದರೆ ಮಾಸ್ಕ್ ಹಾಕಿಕೊಂಡು ಅಕ್ಕೋರು ನಿಂತಿದ್ದರು, ಕೈಯಲ್ಲಿ ಸ್ಟೀಲ್ ಡಬ್ಬಿ. ಮಗಳು ಕಾರ್ಲ್ಸ್‌ಬಾಡ್‌ನಿಂದ ಡ್ರೈವ್ ಮಾಡಿ ಕರೆತಂದು, ನಮ್ಮಿಬ್ಬರನ್ನೇ ಬಿಟ್ಟು ಕಾರಿನಲ್ಲೇ ಕೂತಿದ್ದಳು. ಅಷ್ಟು ದಿನ ಫೋನಿನಲ್ಲಿ ಜಗಳವಾಡಿದ್ದರೂ ನಾವು ಮುಖಾಮುಖಿ ಆಗಿದ್ದು ಅದೇ ಮೊದಲು. ನಾನು ಅಂದುಕೊಂಡದ್ದಕ್ಕಿಂತ ತುಂಬಾ ಕುಳ್ಳಗಿದ್ದರು.

ಹಿತ್ತಿಲಿನ ನಿಂಬೆ ಗಿಡದ ಹತ್ತಿರ ಕುರ್ಚಿ ಹಾಕಿದೆ. "ನೀರು ತರ್ತೀನಿ, ತಟ್ಟೆ ತರ್ತೀನಿ" ಅಂತ ಒಳಗೂ ಹೊರಗೂ ಓಡಾಡುತ್ತಿದ್ದೆ. ಅವರು ನನ್ನ ಕೈಯಿಂದ ತಟ್ಟೆ ಇಸಿದುಕೊಂಡು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹಾಕಿದರು.

"ಕುಂದ್ರು," ಅಂದರು.

"ನೀವು ಮೊದಲು..."

"ನೀ ಯಾವಾಗಲೂ ನಿಂತ ಉಣ್ತಿ, ಹೌದಿಲ್ಲೋ? ಫೋನಿನ್ಯಾಗ ನಳದ ಸಪ್ಪಳ ಕೇಳತೈತಿ. ಒಂದು ಕೈಯಾಗ ಊಟ, ಒಂದು ಕೈಯಾಗ ಪಾತ್ರಿ. ಇವತ್ತ ಕುಂದ್ರು."

ಕೂತೆ. ಅಂಗಡಿಯಲ್ಲಿ ಸಿಗುವ ಹಳೇ ಜೋಳದ ಹಿಟ್ಟಿನ ರೊಟ್ಟಿ, ಅಂಚೆಲ್ಲ ಒಡೆದಿತ್ತು. ಎರಡನೇ ತುತ್ತಿಗೆ ಅಳು ಬಂತು. ನಮ್ಮಮ್ಮ ಕೂತು ಊಟ ಮಾಡಿದ್ದನ್ನು ನೆನಪು ಮಾಡಿಕೊಳ್ಳಲು ನೋಡುತ್ತಿದ್ದೆ. ಮದುವೆಮನೆಗಳಲ್ಲಿ ಬಿಟ್ಟರೆ ಒಂದೂ ನೆನಪಾಗಲಿಲ್ಲ. ಅದನ್ನೇ ಅಕ್ಕೋರಿಗೆ ಹೇಳಿದೆ. ಅವರು ತಟ್ಟೆಗೆ ಇನ್ನೊಂದು ಚೂರು ರೊಟ್ಟಿ ಹಾಕಿ, ನಾನು ಮುಗಿಸುವವರೆಗೂ ಎದುರಿಗೇ ಕೂತಿದ್ದರು.

ಹೊರಡುವ ಮುಂಚೆ ಅಂದರು, "ಆ ಕತಿ ನಾ ಯಾಕ ಅಲ್ಲೇ ಮುಗಿಸಿದೆ ಗೊತ್ತೇನು? ಕುಂತ ಮ್ಯಾಲೆ ಏನಾಗತೈತಿ ನನಗ ಗೊತ್ತಿರಲಿಲ್ಲ. ನೋಡಿರಲಿಲ್ಲಲ್ಲ, ಹೆಂಗ ಬರೀಲಿ? ಇವತ್ತ ನೀ ಕುಂತು ಉಂಡದ್ದು ನೋಡಿ ಗೊತ್ತಾತು."

"ಏನಾಗತ್ತೆ?"

"ಏನೂ ಆಗಂಗಿಲ್ಲ. ಎಲ್ಲಾರೂ ಸುಮ್ಮ ಕುಂತಿರ್ತಾರ. ಆಮ್ಯಾಲೆ ಮಗ ರೊಟ್ಟಿ ಕೇಳ್ತಾನ. ಆಕಿ ಏಳಂಗಿಲ್ಲ. 'ಅಲ್ಲೇ ಐತಿ, ತಗೋ' ಅಂತಾಳ. ಅಷ್ಟ."

ಆ ವಾರವೇ ಮತ್ತೆ ಬರೆಯಲು ಕೂತೆ. ಹೊಸ್ತಿಲನ್ನೂ ಬಾಗಿಲ ಬೆಳಕನ್ನೂ ತೆಗೆದುಹಾಕಿದೆ. ನಾಟಕ ಮುಕ್ಕಾಲು ಗಂಟೆಗೆ ಇಳಿಯಿತು.

2022ರಲ್ಲಿ ನಾಟಕಮಂದಿರಗಳು ತೆರೆದ ಮೇಲೆ ಸ್ಯಾನ್ ಡಿಯಾಗೋದ ಒಂದು ಪುಟ್ಟ ರಂಗಮಂದಿರ ಸಿಕ್ಕಿತು. ಕನ್ನಡದಲ್ಲೇ ಆಡುವುದು, ಹಿಂದಿನ ಗೋಡೆಯ ಮೇಲೆ ಇಂಗ್ಲಿಷ್ ಸಾಲುಗಳನ್ನು ತೋರಿಸುವುದು ಅಂತ ತೀರ್ಮಾನವಾಯಿತು. ಸೊಸೆಯ ಪಾತ್ರಕ್ಕೆ ಮಂಗಳೂರಿನ ಒಬ್ಬ ಎಂಜಿನಿಯರ್ ಹುಡುಗಿ ಬಂದಳು. ಕಣ್ಣಲ್ಲೇ ಮಾತಾಡಬಲ್ಲವಳು. ಆದರೆ ಜೋಳದ ಹಿಟ್ಟನ್ನು ಮುಟ್ಟಿಯೇ ಇರಲಿಲ್ಲ. ವಿಮಾನಗಳು ಶುರುವಾಗಿದ್ದರೂ ಮಗಳು ಗ್ರೀನ್ ಕಾರ್ಡ್ ಮಾಡಿಸಿ ಅಕ್ಕೋರನ್ನು ಇಲ್ಲೇ ಉಳಿಸಿಕೊಂಡಿದ್ದಳು. ಅವಳ ಗ್ಯಾರೇಜಿನಲ್ಲಿ ಕಾರು ಹೊರಗಿಟ್ಟು ತಾಲೀಮು ಶುರುವಾಯಿತು.

"ಇದು ಮುಟ್ಟಿದ ಕೂಡಲೆ ಒಡೆಯುತ್ತದೆ ಮಾರಾಯ್ರೆ! ನನಗೆ ನೀರುದೋಸೆ ಮಾತ್ರ ಬರುವುದು," ಅಂತ ಅವಳ ಗೋಳು.

"ಕುದಿಯೂ ನೀರು ಹಾಕಿ ನಾದು. ಸಿಟ್ಟಿಲೆ ಬಡೀಬ್ಯಾಡ, ಕೂಸಿನ ಬೆನ್ನು ತಟ್ಟಿದಂಗ ತಟ್ಟು," ಅಂತ ಅಕ್ಕೋರು.

ಇಬ್ಬರ ಕನ್ನಡವೂ ಇಬ್ಬರಿಗೂ ಅರ್ಧ ಮಾತ್ರ ತಿಳಿಯುತ್ತಿತ್ತು. ಮೈಸೂರಿನವಳಾದ ನಾನು ನಡುವೆ ನಿಂತು ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುತ್ತಿದ್ದೆ. ಹಿಟ್ಟು ಹಾರಿ ಮೂವರ ಮುಖವೂ ಬೆಳ್ಳಗಾದ ದಿನ ಅಕ್ಕೋರ ಮಗಳು ಬಂದು ನೋಡಿ ನಕ್ಕು ನಕ್ಕು ಕೆಳಗೇ ಕೂತುಬಿಟ್ಟಳು.

ರಂಗದ ಮೇಲೆ ಬೆಂಕಿ ಹಚ್ಚುವಂತಿರಲಿಲ್ಲ. ಮಣ್ಣಿನ ಒಲೆಯೊಳಗೆ ಎಲೆಕ್ಟ್ರಿಕ್ ಪ್ಲೇಟ್ ಅಡಗಿಸಿಟ್ಟೆವು. ಮೊದಲ ಪ್ರದರ್ಶನದಲ್ಲಿ ರೊಟ್ಟಿ ಬಡಿಯುವ ಸದ್ದಿನ ಜೊತೆ ಅದರ ವಾಸನೆಯೂ ಹರಡಿ, ಜನ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು. ಕೊನೆಗೆ ಅವಳು ಕೂತಳು. ಸಾಲಿನಲ್ಲಿದ್ದವರು ತುತ್ತು ಎತ್ತಿದ ಕೈ ಹಾಗೇ ಹಿಡಿದು ಅವಳನ್ನೇ ನೋಡಿದರು. ಮಗನ ಪಾತ್ರದವನು ರೊಟ್ಟಿ ಕೇಳಿದ. ಅವಳು ತುತ್ತು ನುಂಗಿ, ಅವನತ್ತ ತಿರುಗಿ, ಮೆತ್ತಗೆ ಆ ಸಾಲು ಹೇಳಿದಳು.

ನಾಟಕದ ನಂತರ ಪ್ರಶ್ನೋತ್ತರದಲ್ಲಿ ಅಂಕಲ್ ಒಬ್ಬರು ಎದ್ದರು. "ಎಲ್ಲಾ ಚೆನ್ನಾಗಿತ್ತಮ್ಮ. ಆದ್ರೆ ಕೊನೇಲಿ ಏನಾಯ್ತು ಅಂತ ಗೊತ್ತಾಗಲಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅವರ ಪಕ್ಕದಲ್ಲಿದ್ದ ಹೆಂಡತಿ, "ಕೂತ್ಕೊಳ್ಳಿ, ಮನೇಲಿ ಹೇಳ್ತೀನಿ," ಅಂದರು. ಇಡೀ ಸಭೆ ನಕ್ಕಿತು. ಅಂಕಲ್ ಕೂಡ ನಕ್ಕರು.

ಆ ಪ್ರದರ್ಶನಕ್ಕೆ ಲಾಸ್ ಏಂಜಲೀಸ್‌ನಿಂದ ಒಬ್ಬ ಟೀವಿ ನಿರ್ಮಾಪಕಿ ಬಂದಿದ್ದಳು. ಇಲ್ಲೇ ಹುಟ್ಟಿ ಬೆಳೆದ ಭಾರತೀಯ ಮೂಲದವಳು, ನನಗಿಂತ ಚಿಕ್ಕವಳು. ಹೆಂಗಸರ ಕತೆಗಳ ಸರಣಿ ಮಾಡುತ್ತಿದ್ದೇವೆ, ಇದನ್ನೂ ಒಂದು ಎಪಿಸೋಡ್ ಮಾಡೋಣ ಅಂದಳು. ಮುಂದಿನ ವರ್ಷದ ಆರಂಭದಲ್ಲಿ ನಾನು ಲಾಸ್ ಏಂಜಲೀಸ್ ಪಕ್ಕದ ಎಲ್ ಸೆಗುಂಡೋಗೆ ಹೋಗಿಬರತೊಡಗಿದೆ. ವಿಮಾನ ಕಂಪನಿಗಳ ಆಫೀಸುಗಳ ನಡುವೆ ಬಾಡಿಗೆಗೆ ಹಿಡಿದ ಒಂದು ಕೋಣೆಯಲ್ಲಿ ನಾವು ಏಳೆಂಟು ಲೇಖಕರು ಕೂತು ಕತೆ ಕಟ್ಟುತ್ತಿದ್ದೆವು. ಎಲ್ಲರೂ ಒಳ್ಳೆಯವರೇ. ಆದರೆ ನನ್ನ ಕತೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಕೂತು ಊಟ ಮಾಡ್ತಾಳೆ ಸರಿ, ಆಮೇಲೆ?" ಕೊನೆಗೆ ಅವಳು ತಟ್ಟೆಯನ್ನು ಗೋಡೆಗೆ ಎಸೆಯಲಿ ಅಂತಾಯಿತು. ನಾನು ಎರಡು ದಿನ ಬೇಡ ಅಂದೆ, ಮೂರನೇ ದಿನ ಸೋತೆ. ಟೀವಿಯಲ್ಲಿ ಒಬ್ಬರ ಮಾತೇ ನಡೆಯುವುದಿಲ್ಲ. ಹೇಳಿದಂತೆ ಬರೆದುಕೊಟ್ಟೆ.

ವಾಪಸ್ ಬರುವಾಗ ಕಾರ್ಲ್ಸ್‌ಬಾಡ್‌ನಲ್ಲಿ ಇಳಿದು ಹೆದರುತ್ತ ಅಕ್ಕೋರಿಗೆ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕರು.

"ತಾಟು ಒಗದ್ಲೇನು? ಆಮ್ಯಾಲೆ ಅದನ್ನೆಲ್ಲಾ ಬಳದವರು ಯಾರು?"

ಮುಂದಿನ ಸಲ ಹೋದಾಗ ತಮಾಷೆಯ ಮಾತು ಅಂತ ಅದನ್ನು ಕೋಣೆಯಲ್ಲಿ ಹೇಳಿದೆ. ಎಲ್ಲರೂ ನಕ್ಕರು, ನಿರ್ಮಾಪಕಿಯನ್ನು ಬಿಟ್ಟು. ಅವಳು ಪೆನ್ ಕೆಳಗಿಟ್ಟು, "ನಮ್ಮಮ್ಮ ಬಳೀತಿದ್ರು," ಅಂದಳು. "ಅಪ್ಪ ಎಸೀತಿದ್ರು, ಅಮ್ಮ ಬಳೀತಿದ್ರು." ತಟ್ಟೆಯ ದೃಶ್ಯವನ್ನು ಅವತ್ತೇ ತೆಗೆದೆವು.

ಅದಾದ ಸ್ವಲ್ಪ ದಿನಕ್ಕೆ ಹಾಲಿವುಡ್‌ನ ಟೀವಿ, ಸಿನಿಮಾ ಲೇಖಕರ ಮುಷ್ಕರ ಶುರುವಾಯಿತು. ಬೇಸಿಗೆಯ ಬಿಸಿಲಲ್ಲಿ ನಾನೂ, ತಾನೂ ಲೇಖಕಿಯೇ ಆದ ನಿರ್ಮಾಪಕಿಯೂ ಬೋರ್ಡ್ ಹಿಡಿದು ಸ್ಟುಡಿಯೋಗಳ ಗೇಟಿನ ಮುಂದೆ ಸುತ್ತಿದೆವು. ಮುಷ್ಕರ ಮುಗಿಯುವ ಹೊತ್ತಿಗೆ ಕಂಪನಿ ಸರಣಿಯನ್ನೇ ಕೈಬಿಟ್ಟಿತ್ತು. ಎಲ್ಲ ಮುಗಿಯಿತು ಅಂದುಕೊಂಡೆ. ನಿರ್ಮಾಪಕಿ ಮಾತ್ರ ಬಿಡಲಿಲ್ಲ. ಕತೆಯ ಹಕ್ಕನ್ನು ಹಿಂದಕ್ಕೆ ಪಡೆದು, ಇಲ್ಲಿನ ಒಂದು ಸಣ್ಣ ಚಾನೆಲ್‌ನಲ್ಲಿ ಅರ್ಧ ಗಂಟೆ ಜಾಗ ಮಾಡಿಸಿಕೊಂಡಳು. ದೊಡ್ಡ ಸೆಟ್ ಇಲ್ಲ. ಧಾರವಾಡದ ಮನೆ ಸ್ಯಾನ್ ಡಿಯಾಗೋದ ಅಡುಗೆಮನೆಯಾಯಿತು, ಊಟದ ಸಾಲು ಡೈನಿಂಗ್ ಟೇಬಲ್ ಆಯಿತು. ಮಂಗಳೂರಿನ ಹುಡುಗಿ ಆಫೀಸಿಗೆ ರಜೆ ಹಾಕಿ ಬಂದಳು. ಈಗ ಅವಳ ರೊಟ್ಟಿ ಒಡೆಯುತ್ತಿರಲಿಲ್ಲ.

ಪ್ರಸಾರದ ಸಂಜೆ ಎಲ್ಲರೂ ಅಕ್ಕೋರ ಮನೆಯಲ್ಲಿ ಸೇರಿದೆವು. ಅವರು ಇಳಕಲ್ ಸೀರೆ ಉಟ್ಟು ಸೋಫಾದ ತುದಿಯಲ್ಲಿ ಕೂತು, ಶುರುವಾದದ್ದೇ ನನ್ನ ಮುಂಗೈ ಹಿಡಿದುಕೊಂಡರು. ಕೊನೆಯವರೆಗೂ ಬಿಡಲಿಲ್ಲ. ಹೆಸರುಗಳು ಬರುವಾಗ 'ಮೂಲ ಕತೆ' ಅಂತ ಅವರ ಹೆಸರು ಬಂತು. ಅವರಿಗೆ ಅದು ಓದಲು ಸಿಗುವ ಮೊದಲೇ ಸರಿದುಹೋಯಿತು. ಅಳಿಯ ಹಿಂದಕ್ಕೆ ಮಾಡಿ, ನಿಲ್ಲಿಸಿ ತೋರಿಸಿದ. ಕನ್ನಡಕ ಒರೆಸಿಕೊಂಡು ಟೀವಿಯ ಹತ್ತಿರ ಹೋಗಿ ಓದಿದರು.

ಹೈಸ್ಕೂಲಿನಲ್ಲಿರುವ ಮೊಮ್ಮಗಳು ಇಂಗ್ಲಿಷಿನಲ್ಲಿ ಕೇಳಿದಳು, "ಅಜ್ಜಿ, ನೀವು ನಿಜವಾಗ್ಲೂ ಹೀಗೆ ಮಾಡಿದ್ರಾ?"

ಅಕ್ಕೋರು ಬಂದು ಸೋಫಾದ ತುದಿಯಲ್ಲಿ ಮತ್ತೆ ಕೂತರು.

"ಇಲ್ಲವಾ. ಮಾಡಾಕ ಆಗಲಿಲ್ಲ. ಅದಕ್ಕ ಬರದೆ," ಅಂದರು.

ಮೊಮ್ಮಗಳು ಬಂದು ಅವರ ಭುಜಕ್ಕೆ ತಲೆ ಆನಿಸಿದಳು. ಮಗಳು ಕಣ್ಣೊರೆಸಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಅಕ್ಕೋರಿಗೆ ಈಗ ಎಂಬತ್ತು ದಾಟಿದೆ. ಊರಿಗೆ ಹೋಗಿಬಂದರು, ಆದರೆ ಇಲ್ಲಿಗೇ ಮರಳಿದರು. ಕಣ್ಣು ಮಂಜಾಗಿರುವುದರಿಂದ ಅವರು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಹೊಸ ಕತೆ ನಡೆಯುತ್ತಿದೆ, ಸಮುದ್ರದ ದಂಡೆಯಲ್ಲಿ ದಿನಾ ಎದುರಾಗುವ ಇಬ್ಬರು ಮುದುಕಿಯರದು. ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬರುವುದಿಲ್ಲ. "ಇದನ್ನ ನಾಟಕ ಗೀಟಕ ಮಾಡಾಕ ಹೋಗಬ್ಯಾಡ ಮತ್ತ, ಮೊದಲು ಬರದು ಮುಗಸು," ಅಂತ ಎಚ್ಚರಿಸಿದ್ದಾರೆ. ಕಳೆದ ವಾರ ಪೂರ್ತಿ ಮೊದಲ ಸಾಲಿನ ಬಗ್ಗೆ ಜಗಳವಾಡಿದೆವು. ಅವರಿಗೆ ಸಮುದ್ರದ ಗಾಳಿಯಿಂದ ಶುರುವಾಗಬೇಕು, ನನಗೆ ಮುದುಕಿಯರು ಮರಳಲ್ಲಿ ಬಿಟ್ಟ ಚಪ್ಪಲಿಯಿಂದ.