ತೊಳೆದ ದ್ರಾಕ್ಷಿ

ಇವತ್ತು ಮಾಡಿದ ಕೆಲಸಗಳು: ಅಂಗಳ ಗುಡಿಸಿ ನೀರು ಹಾಕಿದೆ. ಎರಡು ಹಸುಗಳ ಸಗಣಿ ಬಾಚಿದೆ. ಹನ್ನೆರಡು ರೊಟ್ಟಿ ಬಡಿದೆ. ಬಳ್ಳಿಗೆ ಹನಿ ನೀರು ಬಿಡುವ ಪೈಪಿನ ತೂತುಗಳಲ್ಲಿ ಕಟ್ಟಿದ್ದ ಮಣ್ಣನ್ನು ಪಿನ್ನಿನಿಂದ ಬಿಡಿಸಿದೆ. ಬೂಸ್ಟು ಹಿಡಿದ ದ್ರಾಕ್ಷಿಯನ್ನು ಡ್ರಮ್ಮುಗಳಿಂದ ಗೊಬ್ಬರದ ಗುಂಡಿಗೆ ಸುರಿದು, ಮೇಲೆ ಸಗಣಿ, ಒಣಗಿದ ಎಲೆ ಹರಡಿದೆ. ಮಧ್ಯಾಹ್ನ, ಮೂರು ದಿನದಿಂದ ನುಂಗಿಕೊಂಡಿದ್ದ ಮಾತನ್ನು ಹೇಳಿದೆ. ಸಂಜೆ ಬಟ್ಟೆ ಒಗೆದೆ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯಿಂದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹತ್ತಿರದ ಈ ತೋಟಕ್ಕೆ ನಾನೂ ನಮ್ಮ ಮನೆಯವರೂ ಬಂದು ಏಳು ತಿಂಗಳಾಯಿತು. ಊರಲ್ಲಿ ಅಣ್ಣತಮ್ಮಂದಿರು ಪಾಲಾದಾಗ ದ್ರಾಕ್ಷಿ ಇಲ್ಲದ ಹೊಲ ನಮ್ಮ ಪಾಲಿಗೆ ಬಂತು. ಬಳ್ಳಿ ಸವರುವ ಕೈ ಸುಮ್ಮನಿರಬಾರದೆಂದು ಇವರು ಇಲ್ಲಿಯ ಕೆಲಸ ಒಪ್ಪಿಕೊಂಡರು. ತೋಟದ ಮೂಲೆಯಲ್ಲಿ ಎರಡು ಕೋಣೆಯ ಶೀಟಿನ ಮನೆ ಕೊಟ್ಟಿದ್ದಾರೆ. ಅಲ್ಲಿ ನಾನು ಗೌರವ್ವ, ಇಲ್ಲಿ ಗೌರಮ್ಮ. ಮೊದಲ ತಿಂಗಳು ಆ ಹೆಸರಿಗೆ ತಿರುಗಿ ನೋಡುತ್ತಲೇ ಇರಲಿಲ್ಲ.

ಬಂದ ದಿನವೇ ದಿಗಿಲಾಗಿತ್ತು. ಚಪ್ಪರದ ಕೆಳಗೆ ಮೊಣಕಾಲುದ್ದ ಹುರುಳಿ, ಅಲಸಂದೆ ಬೆಳೆದು ನಿಂತಿತ್ತು. ನಮ್ಮ ಕಡೆ ಹಾಗೆ ಬಿಟ್ಟರೆ ಮೈಗಳ್ಳರೆನ್ನುತ್ತಾರೆ. ಇಲ್ಲಿ ಅದನ್ನು ಬೇಕೆಂದೇ ಬಿತ್ತಿ, ಹೂ ಬಿಡುವ ಹೊತ್ತಿಗೆ ಕೊಯ್ದು ಬಳ್ಳಿಯ ಬುಡಕ್ಕೇ ಹೊದಿಸುತ್ತಾರೆ. ನೆಲ ತಣ್ಣಗಿರುತ್ತದೆ, ನೀರು ಕಡಿಮೆ ಸಾಕಾಗುತ್ತದೆ. ಎಲೆಗೆ ಬೂದಿರೋಗ ಕಂಡರೆ ಹುಳಿಮಜ್ಜಿಗೆ ನೀರು ಸಿಂಪಡಿಸುತ್ತಾರೆ, ಗಾಳಿಯಾಡಲೆಂದು ಎಲೆ ಸವರುತ್ತಾರೆ, ಅಷ್ಟೇ. ಮೋಡ ಕವಿದ ಕೂಡಲೇ ಪಂಪು ಬೆನ್ನಿಗೇರಿಸಿ ಓಡುವವರ ನಡುವೆ ಬದುಕಿದವಳು ನಾನು. ಔಷಧದ ವಾಸನೆಯಿಲ್ಲದ ದ್ರಾಕ್ಷಿ ತೋಟವನ್ನು ಮೂಗೇ ಒಪ್ಪಲಿಲ್ಲ.

ತೋಟದೊಡತಿ ಜಯಮ್ಮ ಅರವತ್ತು ದಾಟಿದವರು. ಆ ದಿನ ಬಳ್ಳಿಯಿಂದಲೇ ಒಂದು ಗೊಂಚಲು ಕಿತ್ತು ನನ್ನ ಕೈಗಿಟ್ಟು, ತಾವೂ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ ನಡೆದರು. ಇಲ್ಲಿಯ ನೀಲಿ ದ್ರಾಕ್ಷಿ ದಪ್ಪ ಸಿಪ್ಪೆಯದು, ಬೀಜದ್ದು, ಪರಿಮಳವಂತೂ ಇಡೀ ಕೋಣೆ ತುಂಬುವಷ್ಟು. ನಾನು ನಕ್ಕು ಸೆರಗಿನಲ್ಲಿ ಕಟ್ಟಿಕೊಂಡೆ. ಮನೆಗೆ ಹೋಗಿ ಉಪ್ಪು ಅರಿಶಿನದ ನೀರಿನಲ್ಲಿ ಮೂರು ಸಲ ತೊಳೆದು ತಿಂದೆ.

ಐದು ವರ್ಷದಿಂದ ಜಯಮ್ಮ ಔಷಧ ಬಿಟ್ಟಿದ್ದಾರೆ. ಅಕ್ಕಪಕ್ಕದ ತೋಟದವರು ಮಜ್ಜಿಗೆ ಜಯಮ್ಮ ಎಂದು ಆಡಿಕೊಳ್ಳುತ್ತಾರೆ. ಈ ಸಲದ ಬೆಳೆಗೆ ಮಾತ್ರ, ಹತ್ತಿರದ ಒಂದು ಸಣ್ಣ ವೈನ್ ಘಟಕದವರು ಜಯಮ್ಮನ ಮಾತಿಗೆ ಕಿವಿಗೊಟ್ಟಿದ್ದರು. ಹತ್ತು ಕ್ರೇಟು ಹಣ್ಣನ್ನು ಹೊರಗಿನ ಯೀಸ್ಟ್ ಹಾಕದೆ ಹುದುಗಿಸಿ ನೋಡುತ್ತೇವೆ, ಸರಿಬಂದರೆ ಇನ್ನು ಮುಂದೆ ಇಡೀ ತೋಟದ ಹಣ್ಣು ನಮಗೇ ಕೊಡಿ ಎಂದಿದ್ದರು. ಹಣ್ಣಿನ ಮೈಮೇಲೆ ಬಿಳಿ ಪುಡಿಯಂತೆ ಕೂತಿರುತ್ತದಲ್ಲ, ಅಲ್ಲಿ ಕಣ್ಣಿಗೆ ಕಾಣದ ಜೀವಗಳೂ ಇರುತ್ತವಂತೆ. ಇಡ್ಲಿ ಹಿಟ್ಟು ತಾನಾಗಿ ಉಬ್ಬುವ ಹಾಗೆ, ರಸವನ್ನು ಹುದುಗಿಸುವುದು ಅವೇ. ಇದನ್ನೆಲ್ಲ ನಾನು ತಿಳಿದದ್ದು ಆಮೇಲೆ.

ಹೋದ ಸೋಮವಾರ ಬೆಳಕು ಹರಿಯುವಾಗಲೇ ಹಣ್ಣು ಕೊಯ್ದೆವು. ಜಯಮ್ಮ ಡೇರಿಗೆ ಹಾಲು ಹಾಕಲು ಹೋದರು. ನಮ್ಮ ಜೊತೆ ಕೊಯ್ಯುವ ಊರಿನ ರತ್ನಮ್ಮ ಮನೆಯವರಿಗೆ ತಿಂಡಿ ಮಾಡಿಟ್ಟು ಬರುತ್ತೇನೆಂದು ಹೋದಳು. ಇವರು ಮೋಟಾರಿನ ಹತ್ತಿರ ಇದ್ದರು. ಕ್ರೇಟುಗಳ ಕಾವಲಿಗೆ ನಾನೊಬ್ಬಳೇ. ಹಣ್ಣಿನ ಮೇಲೆ ಬಿಳಿ ಪುಡಿ, ಜೊತೆಗೆ ರಸ್ತೆಯ ಒಂದಿಷ್ಟು ಧೂಳು. ಬೇರೆಯವರ ಕಣ್ಣಿಗೆ ಬೀಳುವ ಹಣ್ಣು, ನೋಡಲು ಚೆಂದವಿರಲಿ ಎನಿಸಿತು. ಎರಡು ಡ್ರಮ್ ನೀರಿಗೆ ಕೈತುಂಬ ಉಪ್ಪು, ಅರಿಶಿನ ಹಾಕಿ ಗೊಂಚಲುಗಳನ್ನೆಲ್ಲ ಅದ್ದಿ, ಉಜ್ಜಿ, ಮತ್ತೆ ಜೋಡಿಸಿದೆ. ಮಿರಿಮಿರಿ ಮಿಂಚಿದವು. ನನಗೇ ಹೆಮ್ಮೆಯಾಯಿತು. ಹೇಳಿಕೊಳ್ಳುವಷ್ಟರಲ್ಲಿ ಗಾಡಿ ಬಂತು, ಡ್ರೈವರ್ ಅವಸರದಲ್ಲಿ ಏರಿಸಿಕೊಂಡು ಹೋದ.

ಶುಕ್ರವಾರ ಘಟಕದಿಂದ ಫೋನ್ ಬಂತು. ರಸ ಹುದುಗಲೇ ಇಲ್ಲ, ಮೇಲೆ ಬೂಸ್ಟು ಬಂದಿದೆ, ಕ್ರೇಟಿನಿಂದ ನೀರು ಸೋರುತ್ತಿತ್ತೆಂದು ಡ್ರೈವರ್ ಹೇಳುತ್ತಾನೆ, ಹಣ್ಣಿಗೆ ಏನು ಮಾಡಿದ್ದಿರಿ? ಹಿಂದಿನ ಸಂಜೆ ಖಾಲಿ ಕ್ರೇಟುಗಳನ್ನು ತೊಳೆದಿಟ್ಟವಳು ರತ್ನಮ್ಮ. ಒದ್ದೆ ಕ್ರೇಟು ಕೊಟ್ಟು ಐದು ವರ್ಷದ ಕೆಲಸ ಹಾಳು ಮಾಡಿದೆ ಎಂದು ಜಯಮ್ಮ ಅವಳನ್ನು ಎಲ್ಲರ ಎದುರು ಬೈದರು. ಒಣಗಿಸಿಯೇ ಇಟ್ಟಿದ್ದೆ ಎಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಹಣ್ಣನ್ನು ತೊಳೆದದ್ದೇ ತಪ್ಪೆಂಬುದು ನನಗೆ ಆಗ ಹೊಳೆಯಿತು. ಮನೆ ಬಿಡಬೇಕಾದೀತೆಂಬ ಭಯ ಒಂದು ಕಡೆ. ದ್ರಾಕ್ಷಿ ನಾಡಿನವರು ನಾವು ಎಂದು ಏಳು ತಿಂಗಳು ಕೊಚ್ಚಿಕೊಂಡ ಜಂಬ ಇನ್ನೊಂದು ಕಡೆ. ತೊಳೆದದ್ದು ನಾನೆಂದು ಹೇಳಲಿಲ್ಲ.

ರತ್ನಮ್ಮ ನನಗೆ ಈ ಊರಲ್ಲಿ ಸಿಕ್ಕ ಮೊದಲ ಗೆಳತಿ. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಕಲಿಸಿದವಳು, ನಿಮ್ಮ ರೊಟ್ಟಿ ತಿಂದರೆ ದವಡೆಗೆ ಕೂಲಿ ಕೊಡಬೇಕು ಎನ್ನುತ್ತಲೇ ದಿನಾ ಎರಡು ಕೇಳಿ ತಿನ್ನುವವಳು. ಶುಕ್ರವಾರದಿಂದ ಅವಳು ಹುಣಸೆ ಮರದ ಕೆಳಗೆ ಬೇರೆ ಕೂತು ಉಣ್ಣುತ್ತಿದ್ದಳು. ಅವಮಾನಕ್ಕೆ ಹಾಗೆ ಮಾಡುತ್ತಾಳೆಂದು ನಾನು ತಿಳಿದಿದ್ದೆ.

ಇವತ್ತು ಬೆಳಿಗ್ಗೆ ಕೆಟ್ಟ ಹಣ್ಣು ಡ್ರಮ್ಮುಗಳಲ್ಲಿ ವಾಪಸು ಬಂತು. ಈ ತೋಟದಲ್ಲಿ ಯಾವುದನ್ನೂ ಎಸೆಯುವುದಿಲ್ಲ. ವೈನ್ ಹಿಂಡಿ ಉಳಿದ ಸಿಪ್ಪೆ, ಬೀಜ ಕೂಡ ಗೊಬ್ಬರವಾಗಿ ಬಳ್ಳಿಗೇ ಮರಳುತ್ತದೆ. ಸುರಿಯುವಾಗ ನನ್ನ ಅರಿಶಿನದ ಹಳದಿ ಅಲ್ಲಲ್ಲಿ ತೊಟ್ಟಿಗೆ ಅಂಟಿದ್ದು ಕಂಡಿತು. ಮಧ್ಯಾಹ್ನ ಜಯಮ್ಮ ಗುಂಡಿ ನೋಡಲು ಬಂದಾಗ ಎದ್ದು ನಿಂತೆ.

"ಅಕ್ಕಾರ, ರತ್ನಮ್ಮಂದು ತಪ್ಪಿಲ್ಲರಿ. ಹಣ್ಣು ನಾನ ತೊಳದೇನ್ರಿ. ಉಪ್ಪು, ಅರಿಷಿಣ ಹಾಕಿ."

ಜಯಮ್ಮ ಕಟ್ಟೆಯ ಮೇಲೆ ಕೂತುಬಿಟ್ಟರು. "ನಾನು ಔಷ್ದಿ ಹೊಡ್ಸಲ್ಲ ಅಂತ ನಿಂಗೆ ಗೊತ್ತಿತ್ತಲ್ಲ, ಗೌರಮ್ಮ."

"ಗೊತ್ತಿತ್ತರಿ. ಖರೇ ಅನ್ಸಿರ್ಲಿಲ್ಲ."

"ನಿಮ್ಮೂರಲ್ಲಿ ಹಿಂಗೇ ತೊಳೆದು ತಿಂತೀರಾ?"

"ಹೌದ್ರಿ. ಇಲ್ಲಂದ್ರ ಬಾಗಲ ಮುಂದಿನ ಬಳ್ಳಿದು ತಿಂತಿದ್ವಿ. ಅದಕ್ಕ ಔಷಧ ಹೊಡೀತಿರ್ಲಿಲ್ಲ."

"ಮಾರೋದನ್ನ?"

ಇದನ್ನು ಓದುವ ನಮ್ಮ ಕಡೆಯವರು ಬೇಸರ ಮಾಡಿಕೊಳ್ಳಬಾರದು. ನಾನು ನಮ್ಮ ಮನೆಯ ಮಾತನ್ನಷ್ಟೇ ಹೇಳುತ್ತಿದ್ದೇನೆ. ನಮ್ಮ ಮಕ್ಕಳಿಗೆ ಬೇರೆ ಬಳ್ಳಿ, ಕಂಡವರ ಮಕ್ಕಳಿಗೆ ಬೇರೆ ಬಳ್ಳಿ ಎಂದು ಇಪ್ಪತ್ತೆಂಟು ವರ್ಷ ನಡೆಸಿದ ಮನೆ ಅದು. ಅದನ್ನು ತಪ್ಪೆಂದು ಒಂದು ದಿನವೂ ನಾನು ಅಂದುಕೊಂಡಿರಲಿಲ್ಲ.

ಜಯಮ್ಮ ರತ್ನಮ್ಮನ ಹತ್ತಿರ ಹೋಗಿ ತಾವು ಬೈದದ್ದು ತಪ್ಪಾಯಿತೆಂದರು. ರತ್ನಮ್ಮ, "ಬಿಡಿ" ಅಂದಳು. ನನ್ನ ಕಡೆ ತಿರುಗಿದಳು.

"ತೊಳೆದಿದ್ದು ಬಿಡಕ್ಕ, ತಿಳೀದೆ ಮಾಡ್ದೆ. ಅವ್ರು ನನ್ನ ಬೈವಾಗ ನೀನೂ ಹೂಂ ಅಂತ ತಲೆ ಆಡಿಸ್ದೆ. ಅದನ್ನ ನೋಡ್ಬಿಟ್ಟೆ ಕಣಕ್ಕ ನಾನು."

ಆಡಿಸಿದ್ದೆನೇ? ಆಡಿಸಿದ್ದೆ. ನಾನೇ ಅದನ್ನು ಮರೆತಿದ್ದೆ, ಇಲ್ಲವೇ ಮರೆಯಬೇಕೆಂದುಕೊಂಡಿದ್ದೆ.

ಘಟಕದವರು ಇನ್ನೊಂದು ಸಲ ನೋಡುವುದಾದರೆ ಮುಂದಿನ ಬೆಳೆಗೇ ಅಂತೆ. ಉಳಿದ ಹಣ್ಣು ಈ ಸಲವೂ ಎಲ್ಲರ ಹಣ್ಣಿನ ಜೊತೆ ಮಂಡಿಗೆ ಹೋಗುತ್ತದೆ. ಜಯಮ್ಮ ನಮ್ಮನ್ನು ಹೋಗಿ ಎನ್ನಲಿಲ್ಲ. ಈ ಬೆಳೆ ಮುಗಿಯುವವರೆಗೆ ನಾನು ಹಣ್ಣು ಮುಟ್ಟುವುದು ಬೇಡ, ಬುಡಕ್ಕೆ ಸೊಪ್ಪು ಹೊದಿಸುವ ಕೆಲಸ ನೋಡಿಕೊಳ್ಳಲಿ ಎಂದರು. ಹುಟ್ಟಿದಾಗಿನಿಂದ ದ್ರಾಕ್ಷಿ ಮುಟ್ಟಿದ ಕೈಗೆ ಅದು ಸಣ್ಣ ಮಾತಲ್ಲ. ನ್ಯಾಯವೂ ಹೌದು.

ಸಂಜೆ ಊರಿಂದ ತಂಗಿ ಫೋನ್ ಮಾಡಿದ್ದಳು. ಇಲ್ಲಿಯ ಹಣ್ಣು ಜ್ಯೂಸಿಗೆ ಹೋಗುತ್ತದೆಂದೇ ಅವಳಿಗೆ ಹೇಳಿದ್ದೆ. ವೈನಿಗೆ ಎಂದು ಇವತ್ತು ಹೇಳಿದೆ. ಅವಳು, "ಅದಕ್ಕರ ಅಲ್ಲೀತನಕಾ ಹೋಗಬೇಕಿತ್ತೇನ್ ಯಕ್ಕಾ, ಬಂದುಬಿಡ್ರಿ" ಎಂದಳು. ಬರುತ್ತೇನೆ ಎನ್ನಲು ಬಾಯಿ ತೆರೆದೆ. ಅಲ್ಲಿಗೆ ಹೋದರೆ ಇನ್ನು ಯಾವ ಬಳ್ಳಿಯ ಹಣ್ಣು ತಿನ್ನಲಿ? ಇಲ್ಲಿ ತಿನ್ನಬಹುದಾದ ಬಳ್ಳಿಯನ್ನು ನಾನು ಮುಟ್ಟುವಂತಿಲ್ಲ. ಚಾರ್ಜ್ ಮುಗೀತು ಎಂದು ಫೋನ್ ಇಟ್ಟೆ.

ರಾತ್ರಿ ಹುರುಳಿ ಬಸ್ಸಾರು ಮಾಡಿದ್ದೆ, ಎಂದರೆ ಕಾಳು ಬೇಯಿಸಿದ ನೀರು ಬಸಿದು ಮಾಡುವ ಇಲ್ಲಿಯ ಸಾರು. ಮುದ್ದೆ ತೊಳಸಲಿಲ್ಲ. ರತ್ನಮ್ಮ ಮುಟ್ಟದೆ ಬಿಟ್ಟ ಎರಡು ರೊಟ್ಟಿ ಹಾಗೇ ಇದ್ದವು. ಇವರಿಗೊಂದು, ನನಗೊಂದು, ಮುರಿದು ಸಾರಿನಲ್ಲಿ ನೆನೆಸಿ ಉಂಡೆವು. ಇವರು ಗೋಡೆಯ ಕಡೆ ತಿರುಗಿ ಮೊದಲು ಮಲಗಿದರು.