ನರ್ಸಕ್ಕನ ಕೇಸು

ಮೊನ್ನೆ ಶಿವಮೊಗ್ಗದ ರವೀಂದ್ರನಗರದಲ್ಲಿ ರಕ್ತಪರೀಕ್ಷೆಗೆ ಕೈ ಚಾಚಿದ್ದೆ. ತೋಳಿಗೆ ಒರೆಸಿದ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ಹಿಂದಕ್ಕೆಳೆದುಕೊಂಡೆ. ನರ್ಸಕ್ಕನ ಸೀರೆಗೆ ಸದಾ ಇದೇ ವಾಸನೆ...

ತೊಂಬತ್ತರ ದಶಕದ ಆರಂಭದಲ್ಲಿ, ಭದ್ರಾವತಿಯ ಜನ್ನಾಪುರದಲ್ಲಿ ಅವರು ನಮ್ಮ ಪಕ್ಕದ ಮನೆಯವರು, ಸರ್ಕಾರಿ ಆಸ್ಪತ್ರೆಯ ನರ್ಸು. ನನಗೆ ಟೈಫಾಯ್ಡ್ ಬಂದಾಗ ಮೂರು ವಾರ ಗಂಜಿ ಕುಡಿಸಿದ್ದು ಅವರೇ. ಮಕ್ಕಳಾಗದಂತೆ ಆಪರೇಷನ್ ಮಾಡಿಸಲು ವರ್ಷಕ್ಕೆ ಇಷ್ಟು ಹೆಂಗಸರನ್ನು ಕರೆತರಬೇಕೆಂದು ಅವರಿಗೆ ಮೇಲಿನಿಂದ ಗುರಿ ಇತ್ತು. ಒಪ್ಪಿ ಬಂದವಳಿಗೆ 'ಕೇಸು' ಎನ್ನುತ್ತಿದ್ದರು. ನಮ್ಮ ಬೀದಿಯವರೆಲ್ಲ ಎರಡಕ್ಕೇ ಮುಗಿಸಿ ಕೂತಿದ್ದರು, ಇನ್ನು ಕೇಸು ಎಲ್ಲಿಂದ ತರುವುದು? ನೀರಿನ ಚಾನಲ್ ರಿಪೇರಿಗೆ ರಾಯಚೂರು ಕಡೆಯಿಂದ ಬಂದ ಕೂಲಿಯವರ ಶೆಡ್ಡುಗಳಿಗೆ ನರ್ಸಕ್ಕ ಹೋಗುತ್ತಿದ್ದರು. "ಆ ಕಡೆಯವರಿಗೆ ಹೆರೋದೊಂದೇ ಗೊತ್ತು" ಎಂದು ನಮ್ಮ ಜಗಲಿಯ ಹೆಂಗಸರು ಮೂಗು ಮುರಿಯುತ್ತಿದ್ದರು. ನಾನೂ ನಗುತ್ತಿದ್ದೆ. ಥೂ.

ನನ್ನ ಅಕ್ಷರ ಚೆನ್ನಾಗಿದೆಯೆಂದು ಒಮ್ಮೆ ಆಪರೇಷನ್ ಕ್ಯಾಂಪಿನ ದಿನ ಫಾರಂ ತುಂಬಲು ನರ್ಸಕ್ಕ ಕರೆದೊಯ್ದರು. ಶೆಡ್ಡಿನಿಂದ ಬಂದ ಒಬ್ಬಳನ್ನು, ನನ್ನ ವಯಸ್ಸಿನವಳೇ, ಇಪ್ಪತ್ತೆರಡರ ಆಸುಪಾಸು, ಮಕ್ಕಳೆಷ್ಟು ಎಂದು ಕೇಳಿದೆ.

"ಮೂರು ಹಡದೀನ್ರೀ."

ಮೂರು ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡೆ. ಆಮೇಲೆ ಅವಳು ತೊಡೆಯ ಮೇಲಿದ್ದ ಕೂಸಿನ ತಲೆ ಸವರುತ್ತ, "ಇದೊಂದ ಉಳದೈತ್ರೀ, ಎರಡು ಮಣ್ಣಾಗ್ಯಾವ" ಎಂದಳು. ಹಡೆದ ಲೆಕ್ಕದಲ್ಲಿ ಸತ್ತವನ್ನು ಅವಳು ಕಳೆದಿರಲಿಲ್ಲ. ನರ್ಸಕ್ಕ 'ನಿಲ್ಲಿಸೋ ಆಪರೇಷನ್' ಎಂದದ್ದನ್ನೂ ನಾಲ್ಕು ವರ್ಷ ಮಾತ್ರ ತಡೆಯುವುದು ಎಂದುಕೊಂಡಿದ್ದಳು. ಇನ್ನೊಂದು ಬೇಕಂತೆ, ಆಮೇಲೆ.

ಫಾರಂ ಹಿಡಿದು ಓಡಿಹೋಗಿ ಎಲ್ಲ ಹೇಳಿದೆ. ಕಾಫಿ ಕುಡಿಯುತ್ತಿದ್ದ ನರ್ಸಕ್ಕ ತಲೆಯನ್ನೂ ಎತ್ತಲಿಲ್ಲ.

"ಗೊತ್ತು ಮಾರಾಯ್ತಿ. ಬರ್ದಾಯ್ತಲ್ಲ, ಬಿಡು. ಇವತ್ತು ನಂಗೆ ಸಿಕ್ಕಿರೋದು ಇವಳೊಬ್ಬಳೇ. ಕೂತ್ಕೋ, ಕಾಫಿ ಕುಡಿ."

ಕುಡಿದೆ. ಅಷ್ಟರಲ್ಲಿ ಅವಳ ಸರದಿ ಬಂತು. ಕೂಸನ್ನು ಯಾರದೋ ಕೈಗೆ ಕೊಟ್ಟು ಒಳಗೆ ಹೋದಳು. ಎದ್ದು ಒಂದು ಮಾತು ಹೇಳಬಹುದಿತ್ತು... ಹೇಳಲಿಲ್ಲ. ಕಾಫಿ ಚೆನ್ನಾಗಿತ್ತು, ಅದೂ ನೆನಪಿದೆ.

ನರ್ಸಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ಸುದ್ದಿ ಬಂದಾಗ ಬಿಕ್ಕಿಬಿಕ್ಕಿ ಅತ್ತೆ. ಅವರ ಮೇಲಿನ ಪ್ರೀತಿ ಸುಳ್ಳಲ್ಲ, ಹೇಸಿಗೆಯೂ ಸುಳ್ಳಲ್ಲ. ಆದರೆ ಎಲ್ಲವನ್ನೂ ಸತ್ತವರ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳಲಾರೆ. ಆ ಫಾರಂನಲ್ಲಿ ಅವಳ ಹೆಸರು ಬರೆದದ್ದು ಇದೇ ಕೈ. ಮೊನ್ನೆಯಿಂದ ಯೋಚಿಸುತ್ತಲೇ ಇದ್ದೇನೆ, ಆ ಹೆಸರೇ ನೆನಪಾಗುತ್ತಿಲ್ಲ.