ಪಾಳಿ ಬಿಟ್ಟುಕೊಡುತ್ತಿದ್ದ ದರ್ಜಿ

ಕಾಯುವುದೆಂದರೆ ನನಗೆ ಮೊದಲಿನಿಂದಲೂ ಮೈಮೇಲೆ ಇರುವೆ ಬಿಟ್ಟಂತೆ. ಕ್ಷೌರದಂಗಡಿಯಲ್ಲಿ ನನ್ನ ಮುಂದೆ ಒಬ್ಬನೇ ಇದ್ದರೂ ಅವನ ತಲೆಯಲ್ಲಿ ಕೂದಲೆಷ್ಟಿದೆ ಎಂದು ಅಂದಾಜು ಹಾಕಿ, ಹೆಚ್ಚೆನಿಸಿದರೆ ಗಡ್ಡದೊಂದಿಗೇ ಮನೆಗೆ ಮರಳಿದವನು ನಾನು. ಪುರಾಣದಲ್ಲಿ ಒಂಟಿಗಾಲಿನ ಮೇಲೆ ನಿಂತು ವರಕ್ಕಾಗಿ ಕಾದವರ ಕಥೆ ಕೇಳಿದಾಗಲೆಲ್ಲ, ಪಾಪ, ಅವರಿಗೊಂದು ಬೆಂಚಾದರೂ ಇರಬಾರದಿತ್ತೇ ಎಂದು ಮರುಗುತ್ತೇನೆ.

ಗುಮಾಸ್ತನಾಗಿದ್ದ ಇಂಥ ನನ್ನನ್ನು ಎಪ್ಪತ್ತರ ದಶಕದಲ್ಲಿ ಸರ್ಕಾರ ಊರೂರಿಗೆ ವರ್ಗ ಮಾಡಿ, ಒಂದೇ ಪತ್ರಿಕೆಗೆ ಊರೆಲ್ಲ ಕಾಯುವ ವಾಚನಾಲಯಗಳಲ್ಲಿ ಕೂರಿಸಿತು. ಇಂಡಿ ಪಟ್ಟಣದಲ್ಲಿ ಮೊದಲು ಬಂದವನದೇ ಪತ್ರಿಕೆ. ಅವನು ಟೆಂಡರ್ ಪ್ರಕಟಣೆಯವರೆಗೂ ಓದಿ ಆಕಳಿಸಿದ ಮೇಲೆ ಉಳಿದವರಿಗೆ. ಮುದ್ದೇಬಿಹಾಳದಲ್ಲಿ ಹಾಳೆ ಬಿಡಿಸಿ ಹಂಚುತ್ತಿದ್ದರು. ಮಂತ್ರಿಯ ರಾಜೀನಾಮೆ ಒಬ್ಬನ ಕೈಯಲ್ಲಿ, ಅದರ ಕಾರಣ ಇನ್ನೊಬ್ಬನ ಕೈಯಲ್ಲಿ. ಸಿಂದಗಿಯ ಗ್ರಂಥಪಾಲಕರು ಮಾತ್ರ ಕಟ್ಟುನಿಟ್ಟಿನವರು. ಮಧ್ಯಾಹ್ನ ವಿಜಾಪುರದ ಬಸ್ಸಿನಲ್ಲಿ ಪತ್ರಿಕೆ ಬರುತ್ತಿತ್ತು. ನಾವು ಬಂದ ಕ್ರಮದಲ್ಲೇ ಬೆಂಚಿನ ಮೇಲೆ ಕೂರಬೇಕು. ಮೇಜಿನ ಬಳಿ ಒಬ್ಬ ಓದುತ್ತಾನೆ. ಅವರು ರೂಲುದೊಣ್ಣೆಯಿಂದ ಮೇಜು ಬಡಿದರೆ ಅವನು ಏಳಬೇಕು, ಬೆಂಚಿನ ಮುಂದಿನವನು ಹೋಗಬೇಕು, ಉಳಿದವರು ಒಂದೊಂದು ಜಾಗ ಸರಿಯಬೇಕು. ಧೋತರಗಳು ಒರೆಸಿ ಒರೆಸಿ ಆ ಬೆಂಚಿಗೆ ಹೊಳಪು ಬಂದಿತ್ತು.

ಅಲ್ಲಿ ನನಗೆ ಸಿಕ್ಕ ಪುಣ್ಯಾತ್ಮ ಬಜಾರದ ದರ್ಜಿ ಗುರುಸಿದ್ದಪ್ಪ. ಬಸ್ಸಿಗಿಂತ ಮೊದಲೇ ಬಂದು ಎಲ್ಲರ ಮುಂದೆ ಕೂರುತ್ತಿದ್ದ. ತನ್ನ ಪಾಳಿ ಬಂತೆಂದರೆ, ಅವಸರವಿಲ್ಲ, ನೀವೇ ಓದಿರಿ ಎಂದು ಪಕ್ಕದಲ್ಲಿ ಕೂತ ನನಗೆ ಬಿಟ್ಟುಕೊಟ್ಟು ಬೆಂಚಿನ ಕೊನೆಗೆ ಹೋಗುತ್ತಿದ್ದ. ಸರಿಯುತ್ತ ಸರಿಯುತ್ತ ಮತ್ತೆ ಮುಂದೆ ಬಂದರೂ ಅದೇ ಕಥೆ. ಕೊನೆಗೆ ಒಂದಕ್ಷರ ಓದದೆ ಮನೆಗೆ. ಇದೆಲ್ಲ ನನ್ನ ಗುಮಾಸ್ತಿಕೆಗೆ ಸಿಕ್ಕ ಮರ್ಯಾದೆ ಎಂದು ಕೆಲವು ದಿನ ಮೀಸೆ ತಿರುವಿದೆ.

ಗ್ರಂಥಪಾಲಕರು ನನ್ನನ್ನು ಪಕ್ಕಕ್ಕೆ ಕರೆದು ಸಂಗತಿ ಹೇಳಿದರು. ಗುರುಸಿದ್ದಪ್ಪ ಸಾಕಿ ಬೆಳೆಸಿದ ತಮ್ಮ ಈರಣ್ಣ ದೂರದ ಗಣಿಯೊಂದರಲ್ಲಿ ಕೆಲಸಕ್ಕಿದ್ದ. ಆ ಗಣಿ ಕುಸಿದಿತ್ತು. ಹೊರತೆಗೆದ ಹೆಣಗಳ ಹೆಸರುಗಳು ದಿನವೂ ಅಷ್ಟಷ್ಟೇ ಪತ್ರಿಕೆಯಲ್ಲಿ ಬರುತ್ತಿದ್ದವು. ತಾನೇ ಓದುವ ಧೈರ್ಯ ಅವನಿಗಿಲ್ಲ, ಮನೆಯಲ್ಲಿ ಕೂರುವ ಶಕ್ತಿಯೂ ಇಲ್ಲ. ಅದಕ್ಕೇ ಓದಿ ಎದ್ದವರು ಅವನಿಗೆ ಕಾಣುವಂತೆ, ಇಲ್ಲವೆಂದು ತಲೆಯಾಡಿಸಿ ಹೋಗುವುದು ಅಲ್ಲಿ ರೂಢಿಯಾಗಿತ್ತು. ನಾನೂ ಅದನ್ನು ಕಲಿತೆ. ಸುದ್ದಿ ತಡವಾದರೆ ಚಡಪಡಿಸುವ ನಾನು, ಸುದ್ದಿ ತಡವಾದಷ್ಟೂ ಜೀವ ಹಿಡಿದಿಡುವ ಮನುಷ್ಯನ ಪಕ್ಕ ಕೂತಿದ್ದೆ.

ಒಂದು ದಿನ ಎಂದಿನಂತೆ ಅವನು ಪಾಳಿ ಬಿಟ್ಟುಕೊಟ್ಟ. ನಾನು ಪತ್ರಿಕೆ ಬಿಡಿಸಿದೆ. ಈರಣ್ಣನ ಹೆಸರು ಇತ್ತು. ಪಕ್ಕದಲ್ಲಿ ತಾಲೂಕು ಸಿಂದಗಿ ಎಂದೂ ಇತ್ತು.

ರೂಲುದೊಣ್ಣೆ ಬಡಿಯಿತು. ನಾನು ಏಳಲಿಲ್ಲ, ಎದ್ದರೆ ತಲೆಯಾಡಿಸಬೇಕಲ್ಲ. ಮತ್ತೆ ಬಡಿಯಿತು. ಗದರಿಸಲು ಹತ್ತಿರ ಬಂದ ಗ್ರಂಥಪಾಲಕರು ನನ್ನ ಬೆರಳು ನಿಂತ ಜಾಗ ನೋಡಿ, ಹಿಂದಿರುಗಿ ಕೂತರು. ದೊಣ್ಣೆಯನ್ನು ಮತ್ತೆ ಮುಟ್ಟಲಿಲ್ಲ. ಹೊತ್ತಾಯಿತೆಂದು ಬೆಂಚಿನಿಂದ ಯಾರೂ ಗೊಣಗಲಿಲ್ಲ. ಅಷ್ಟು ಹೊತ್ತು ಪತ್ರಿಕೆ ನನ್ನ ಕೈಯಲ್ಲೇ ಇದ್ದದ್ದು ಅದೇ ಮೊದಲು, ಆದರೆ ಕಣ್ಣಿಗೆ ಒಂದಕ್ಷರವೂ ಕಾಣುತ್ತಿರಲಿಲ್ಲ.

ಬೆಂಚಿನ ಕೊನೆಯಿಂದ ಗುರುಸಿದ್ದಪ್ಪ ಎದ್ದು ಬಂದ.

"ಏಳ್ರಿ ಸಾಹೇಬ್ರ. ಇವತ್ತಿನ ಪಾಳಿ ನಂದು."

ಎದ್ದು ಬೆಂಚಿನ ಕೊನೆಗೆ ಹೋಗಿ ಕೂತೆ. ಅವನು ಕೂತು, ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಪತ್ರಿಕೆಯನ್ನು ಮಡಿಕೆಗೆ ಸರಿಯಾಗಿ ಮಡಿಸಿ, ಬೆಂಚಿನ ಮುಂದಿನವನ ಕಡೆ ಚಾಚಿದ.

"ತಗೋರಿ. ಎಷ್ಟೊತ್ತಂತ ಕಾಯ್ತೀರಿ" ಎಂದ.

ಯಾರೂ ಕೈ ನೀಡಲಿಲ್ಲ. ಕಾಯುವುದಕ್ಕೆ ಇನ್ನೂ ಏನಾದರೂ ಉಳಿದಿದ್ದ ನಾವೆಲ್ಲ ಅವನೆದುರು ತಲೆ ತಗ್ಗಿಸಿ ಕೂತಿದ್ದೆವು.